ಪ್ರಷ್ಯನ್ ನೀಲಿ: ಬಣ್ಣದ ಬಟ್ಟಲಿನಿಂದ ರಕ್ತಸಕ್ಕರೆಯ ಸಂವೇದಕಕ್ಕೆ

ಕಟ್ಟಡದ ಯೋಜನೆಗೆ 'ನೀಲನಕ್ಷೆ' ಎಂಬ ಹೆಸರು ಬರಲು ಕಾರಣವಾದ ಬಣ್ಣವೇ ಪ್ರಷ್ಯನ್ ನೀಲಿ. ಇದು 18ನೇ ಶತಮಾನದ ಆರಂಭದಲ್ಲಿ ಬರ್ಲಿನ್‌ನಲ್ಲಿ ಆಕಸ್ಮಿಕವಾಗಿ ದೊರೆತ, ಕಬ್ಬಿಣ ಮತ್ತು ಸಯನೈಡ್ ಸೇರಿದ ವರ್ಣದ್ರವ್ಯ. ಸಯನೈಡ್ ಎಂದೊಡನೆ ಬೆಚ್ಚಬೇಕಿಲ್ಲ. ಕಬ್ಬಿಣದೊಡನೆ ಅದು ಬಿಗಿಯಾಗಿ ಬೆಸೆದುಕೊಂಡಿರುವುದರಿಂದ, ಥ್ಯಾಲಿಯಂ ವಿಷವೇರಿದವರಿಗೆ ಇದನ್ನೇ ಔಷಧವಾಗಿ ಕೊಡುತ್ತಾರೆ. ಈಗ ಇದೇ ನೀಲಿ ಮಧುಮೇಹಿಗಳ ರಕ್ತಸಕ್ಕರೆ ಅಳೆಯುವ ಜೈವಿಕ ಸಂವೇದಕಗಳ ಸಂಶೋಧನೆಯಲ್ಲಿ ಮುಖ್ಯ ಸ್ಥಾನ ಪಡೆದಿದೆ.

ಕಿಣ್ವ ಮತ್ತು ವಿದ್ಯುದ್ವಾರವನ್ನು ಜೋಡಿಸಿ ಗ್ಲೂಕೋಸ್ ಅಳೆಯುವ ಕಲ್ಪನೆಯನ್ನು 1962ರಲ್ಲಿ ಅಮೆರಿಕದ ಲೆಲ್ಯಾಂಡ್ ಕ್ಲಾರ್ಕ್ ಮತ್ತು ಚಾಂಪ್ ಲಯನ್ಸ್ ಮಂಡಿಸಿದರು. ಗ್ಲೂಕೋಸ್ ಆಕ್ಸಿಡೇಸ್ ಎಂಬ ಕಿಣ್ವವು ಸಕ್ಕರೆಯೊಡನೆ ವರ್ತಿಸಿದಾಗ ಹೈಡ್ರೋಜನ್ ಪೆರಾಕ್ಸೈಡ್ ಹುಟ್ಟುತ್ತದೆ. ಅದರ ಪ್ರಮಾಣ ತಿಳಿದರೆ ಸಕ್ಕರೆಯ ಪ್ರಮಾಣವೂ ತಿಳಿಯುತ್ತದೆ. ತೊಡಕಿರುವುದು ಇಲ್ಲಿಯೇ. ಪ್ಲಾಟಿನಂ ವಿದ್ಯುದ್ವಾರದ ಮೇಲೆ ಪೆರಾಕ್ಸೈಡನ್ನು ಉತ್ಕರ್ಷಿಸಲು ಸುಮಾರು 0.6 ವೋಲ್ಟ್ ಬೇಕು. ಅಷ್ಟು ವಿಭವದಲ್ಲಿ ರಕ್ತದಲ್ಲಿರುವ ಸಿ ಜೀವಸತ್ವ, ಯೂರಿಕ್ ಆಮ್ಲ, ಜ್ವರಕ್ಕೆ ನುಂಗಿದ ಪ್ಯಾರಾಸಿಟಮಾಲ್ ಎಲ್ಲವೂ ಎಲೆಕ್ಟ್ರಾನ್ ಬಿಟ್ಟುಕೊಟ್ಟು ವಿದ್ಯುತ್ ಪ್ರವಾಹವನ್ನು ಹೆಚ್ಚಿಸುತ್ತವೆ. ಇಲ್ಲದ ಸಕ್ಕರೆ ಇದೆಯೆಂದು ಯಂತ್ರ ತೋರಿಸುತ್ತದೆ. ಆ ಅಂಕಿಯನ್ನು ನಂಬಿ ಇನ್ಸುಲಿನ್ ಹೆಚ್ಚಿಸಿಕೊಂಡ ರೋಗಿ ಪ್ರಜ್ಞೆ ತಪ್ಪುವ ಅಪಾಯವೂ ಉಂಟು.

ಪ್ರಷ್ಯನ್ ನೀಲಿಯ ಲೇಪನವಿದ್ದರೆ ಪೆರಾಕ್ಸೈಡನ್ನು ಬಹುತೇಕ ಸೊನ್ನೆ ವೋಲ್ಟ್‌ನಲ್ಲೇ ಅಪಕರ್ಷಿಸಬಹುದು. ಅಲ್ಲಿ ಇತರ ದ್ರವ್ಯಗಳು ಸುಮ್ಮನಿರುತ್ತವೆ. ವಿದ್ಯುದ್ವಾರದ ಮೇಲೆ ಈ ಬಣ್ಣದ ತೆಳುಪದರವನ್ನು ಕೂರಿಸಬಹುದೆಂದು 1978ರಲ್ಲಿ ವರ್ನನ್ ನೆಫ್ ತೋರಿಸಿದ್ದರು. ಅದನ್ನು ಗ್ಲೂಕೋಸ್ ಸಂವೇದಕವಾಗಿಸಿದ ಕೀರ್ತಿ 1990ರ ದಶಕದಲ್ಲಿ ರಷ್ಯಾದ ಅರ್ಕಾಡಿ ಕರ್ಯಾಕಿನ್ ಅವರಿಗೆ ಸಲ್ಲುತ್ತದೆ. ಪೆರಾಕ್ಸೈಡನ್ನು ಅಪಕರ್ಷಿಸುವ ಇದರ ಸಾಮರ್ಥ್ಯ ಕಂಡು ಅವರು ಇದನ್ನು 'ಕೃತಕ ಪೆರಾಕ್ಸಿಡೇಸ್' ಎಂದೇ ಕರೆದರು. ಅಂದಹಾಗೆ, ಮನೆಯಲ್ಲಿ ಬಳಸುವ ಹಲವು ರಕ್ತಪರೀಕ್ಷಾ ಪಟ್ಟಿಗಳಲ್ಲಿರುವ ಪೊಟ್ಯಾಸಿಯಂ ಫೆರಿಸಯನೈಡ್ ಈ ನೀಲಿಯ ಹತ್ತಿರದ ಸಂಬಂಧಿ.

ಈ ಬಣ್ಣಕ್ಕೆ ದೌರ್ಬಲ್ಯವೂ ಇದೆ. ಆಮ್ಲೀಯ ದ್ರಾವಣದಲ್ಲಿ ಗಟ್ಟಿಯಾಗಿ ನಿಲ್ಲುವ ಪದರ, 7.4 ಪಿಎಚ್ ಇರುವ ರಕ್ತದಂಥ ದ್ರವದಲ್ಲಿ ಮೆಲ್ಲನೆ ಕರಗುತ್ತದೆ. ಆದುದರಿಂದ ನಿಕ್ಕಲ್ ಹೆಕ್ಸಸಯನೋಫೆರೇಟ್ ಪದರ ಸೇರಿಸಿ ಅದರ ಬಾಳಿಕೆ ಹೆಚ್ಚಿಸುವ ಯತ್ನಗಳು ನಡೆದಿವೆ. ಸಾಮಾನ್ಯವಾಗಿ ತುಸು ಆಮ್ಲೀಯವಾದ ಬೆವರು ಇದಕ್ಕೆ ಹೆಚ್ಚು ಒಗ್ಗುತ್ತದೆ. 2016ರಲ್ಲಿ ಕ್ಯಾಲಿಫೋರ್ನಿಯಾದ ವಿಜ್ಞಾನಿಗಳು ಪ್ರಕಟಿಸಿದ, ಮಣಿಕಟ್ಟಿಗೆ ಕಟ್ಟುವ ಬೆವರು ಸಂವೇದಕದಲ್ಲಿ ಗ್ಲೂಕೋಸ್ ಮತ್ತು ಲ್ಯಾಕ್ಟೇಟ್ ಅಳೆಯಲು ಬಳಸಿದ್ದು ಪ್ರಷ್ಯನ್ ನೀಲಿಯನ್ನೇ. ಆದರೆ ಬೆವರಿನ ಸಕ್ಕರೆ ರಕ್ತದಲ್ಲಿರುವುದಕ್ಕಿಂತ ಬಹಳ ಕಡಿಮೆ. ಅದನ್ನು ನೋಡಿ ಇನ್ಸುಲಿನ್ ಪ್ರಮಾಣ ನಿರ್ಧರಿಸುವ ಹಂತಕ್ಕೆ ವೈದ್ಯಲೋಕ ಇನ್ನೂ ಬಂದಿಲ್ಲ.