ಒಂದು ಮನೆ, ಒಂದು ಬಲ್ಬು, ಗೋಡೆಯಲ್ಲೊಂದು ಕಿಂಡಿ

ಮೊನ್ನೆ ಊರಿಗೆ ಹೋಗುವಾಗ ಸಿಂಧನೂರಿನಲ್ಲಿ ಬಸ್ಸಿಳಿದು ಎಲೆಕ್ಟ್ರಿಕಲ್ ಅಂಗಡಿಯೊಂದಕ್ಕೆ ಹೊಕ್ಕೆ. ಅಜ್ಜಿಯ ಅಡುಗೆಮನೆಗೆ ಒಂದು ಬಲ್ಬು ಬೇಕಿತ್ತು. ಅಂಗಡಿಯವರು ತೋರಿಸಿದ್ದು ತಿಳಿಗಾಜಿನ ಬುರುಡೆ, ಒಳಗೆ ನಾಲ್ಕು ಹಳದಿ ಕಡ್ಡಿ. "ಎಲ್‌ಇಡಿನೇ ರೀ, ನೋಡಾಕಷ್ಟ ಹಳೇದು" ಅಂದರು. 4 ವ್ಯಾಟ್, ಅಗ್ಗ, ನೋಡಲೂ ಚೆಂದ... ಚೀಲಕ್ಕೆ ಹಾಕಿಕೊಂಡು ಮಸ್ಕಿ ಕಡೆಯ ಬಸ್ಸು ಹತ್ತಿದೆ.

ಹೋಲ್ಡರಿಗೆ ಸಿಕ್ಕಿಸಿ ಸ್ವಿಚ್ ಒತ್ತಿದಾಗ ಅಜ್ಜಿಯ ಮುಖ ನೋಡಬೇಕಿತ್ತು. "ಇದು ನಮ್ಮ ಭಾಗ್ಯಜ್ಯೋತಿ ಬಲ್ಬ್ ಅಲ್ಲೇನೋ ತಮ್ಮಾ? ಮತ್ತ ಅದನ್ನ ಯಾಕ ತಂದಿ?"

ಆ ಮಾತು ತಲೆಯಲ್ಲಿ ಕೂತಿತು. ಅದಕ್ಕೇ ಈ ಬರಹ.

ಶಿವನಸಮುದ್ರದ ವಿದ್ಯುತ್ 1902ರಲ್ಲಿ ಮೊದಲು ಹರಿದದ್ದು ಕೋಲಾರದ ಚಿನ್ನದ ಗಣಿಗೆ. 1905ರಲ್ಲಿ ಬೆಂಗಳೂರಿನ ಬೀದಿಗಳಿಗೆ ದೀಪ ಬಂತು. ನಮ್ಮ ಸಿಂಧನೂರು, ಮಸ್ಕಿ, ಲಿಂಗಸುಗೂರು ಆಗ ನಿಜಾಮನ ಸೀಮೆ. 1956ರಲ್ಲಿ ಮೈಸೂರು ರಾಜ್ಯಕ್ಕೆ ಸೇರಿದ ಮೇಲೂ ಬಡವರ ಮನೆಯಲ್ಲಿ ಉರಿಯುತ್ತಿದ್ದುದು ಚಿಮಣಿ, ಕಂದೀಲು. 1970ರ ದಶಕದ ಕೊನೆಗೆ ಭಾಗ್ಯಜ್ಯೋತಿ ಬಂತು. ಬಡವರ ಮನೆಗೆ ಸರ್ಕಾರದಿಂದ ಒಂದೇ ಒಂದು ಬಲ್ಬು, 40 ವ್ಯಾಟಿನದು. 1985ರಲ್ಲಿ ನಮ್ಮದೇ ಜಿಲ್ಲೆಯ ಶಕ್ತಿನಗರದಲ್ಲಿ ಕಲ್ಲಿದ್ದಲಿನ ಮೊದಲ ಘಟಕ ಶುರುವಾಯಿತು. ಕೃಷ್ಣೆಯ ದಂಡೆಯ ಆ ಕರೆಂಟು ನಾಡಿಗೆಲ್ಲ ಹೋಯಿತು. ಅಜ್ಜಿಯ ಮನೆಯಲ್ಲಿ ಮಾತ್ರ ಬಲ್ಬು ಒಂದೇ!

ಒಂದು ಬಲ್ಬು, ಎರಡು ಕೋಣೆ. ಏನು ಮಾಡೋದು? ಪಡಸಾಲೆಗೂ ಅಡುಗೆಮನೆಗೂ ನಡುವಿನ ಗೋಡೆಯಲ್ಲಿ ಅಜ್ಜ ಒಂದು ಕಿಂಡಿ ಕೊರೆದು ಬಲ್ಬನ್ನು ಅದರೊಳಗೆ ಇಳಿಬಿಟ್ಟರಂತೆ. ಈ ಕಡೆ ಅಪ್ಪನ ಓದು, ಆ ಕಡೆ ಅಜ್ಜಿಯ ರೊಟ್ಟಿ. ನಿಮ್ಮಲ್ಲಿ ಹಳ್ಳಿಯಿಂದ ಬಂದವರಿಗೆ ಇಂಥ ಕಿಂಡಿ ನೆನಪಿರಬಹುದು.

ಆ ಬಲ್ಬು ಮಾಡುತ್ತಿದ್ದುದಾದರೂ ಏನು? ಟಂಗ್‌ಸ್ಟನ್ ತಂತಿಯನ್ನು ಬಿಳಿ ಕಾವು ಬರುವಷ್ಟು ಕಾಯಿಸುವುದು. ತಿಂದ ವಿದ್ಯುತ್ತಿನಲ್ಲಿ ಬೆಳಕಾಗುತ್ತಿದ್ದುದು ನೂರಕ್ಕೆ ಸುಮಾರು ಐದು ಪಾಲು, ಮಿಕ್ಕಿದ್ದೆಲ್ಲ ಶಾಖ. ರಾಯಚೂರಿನ ಬಿಸಿಲು ಸಾಲದು ಅಂತ :-)

ನಾನು ತಂದ ಬಲ್ಬಿನ ದಾರಿಯೇ ಬೇರೆ. 1993ರಲ್ಲಿ ಜಪಾನಿನ ಶುಜಿ ನಾಕಾಮುರಾ ಪ್ರಖರವಾದ ನೀಲಿ ಎಲ್‌ಇಡಿ ಮಾಡಿದರು. 2014ರಲ್ಲಿ ಅಕಸಾಕಿ, ಅಮಾನೋ ಜೊತೆ ಅವರಿಗೆ ನೊಬೆಲ್ ಬಂತು. ನೀಲಿ ಬೆಳಕಿನ ಮೇಲೆ ಹಳದಿ ಫಾಸ್ಫರ್ ಲೇಪಿಸಿದರೆ ನಮ್ಮ ಕಣ್ಣಿಗೆ ಅದು ಬಿಳಿ. 2008ರಲ್ಲಿ ಜಪಾನಿನ ಉಷಿಯೋ ಕಂಪನಿ ಇದನ್ನೇ ಕಡ್ಡಿಯ ರೂಪಕ್ಕೆ ತಂದಿತು. ಒಂದೊಂದು ಕಡ್ಡಿಯಲ್ಲಿ ಸಾಸಿವೆಗಿಂತ ಚಿಕ್ಕದಾದ ಇಪ್ಪತ್ತೈದಕ್ಕೂ ಹೆಚ್ಚು ಎಲ್‌ಇಡಿಗಳು ಸಾಲಾಗಿ ಇರುತ್ತವೆ. ಅವನ್ನು ಒಂದಕ್ಕೊಂದು ಹೊಲಿಯುವುದು ಕೂದಲಿಗಿಂತ ತೆಳುವಾದ ಚಿನ್ನದ ತಂತಿ, ಇಲ್ಲವೇ ಬೆಳ್ಳಿ ಬೆರೆಸಿದ ತಂತಿ. ಅದರಲ್ಲಿ ಒಂದು ಕಡಿದರೂ ಇಡೀ ಕಡ್ಡಿ ಕತ್ತಲು. (ಲಿಂಗಸುಗೂರು ತಾಲೂಕಿನ ಹಟ್ಟಿಯಲ್ಲಿ ಚಿನ್ನ ಅಗೆಯುವ ನಮ್ಮವರಿಗೆ ಇದನ್ನು ಹೇಳಬೇಕು!) ಕಾವು ಹೊರಗೆ ಹೋಗಲಿ ಅಂತ ಬುರುಡೆಗೆ ಹೀಲಿಯಂ ತುಂಬುತ್ತಾರೆ. ಅದಕ್ಕೇ ಅಲ್ಯೂಮಿನಿಯಂ ಭಾರ ಬೇಕಿಲ್ಲ. ಅದು 4 ವ್ಯಾಟಿನಲ್ಲಿ ಆ ಹಳೆಯ 40 ವ್ಯಾಟಿನಷ್ಟೇ ಬೆಳಕು ಕೊಡುತ್ತದೆ.

ಮೊದಲ ರಾತ್ರಿ ನಾನೂ ಬೀಗಿದೆ. ಮರುದಿನ ಸಂಜೆ ಏಳಕ್ಕೆ ಬಲ್ಬು ಮಿಣಮಿಣ ಅಂದು ಹೆಚ್ಚುಕಡಿಮೆ ಆರಿಯೇ ಹೋಯಿತು. ಅಜ್ಜಿ ಒಲೆಯ ಮುಂದೆ, ಕೈಯಲ್ಲಿ ಬಿಸಿ ಹಂಚು. ಪಡಸಾಲೆಯ 9 ವ್ಯಾಟಿನ ಪ್ಲಾಸ್ಟಿಕ್ ಎಲ್‌ಇಡಿ ಮಾತ್ರ ಏನೂ ಆಗಿಲ್ಲವೆಂಬಂತೆ ಉರಿಯುತ್ತಿತ್ತು. ಹೋಗಿ ನೋಡಿದರೆ ಫ್ರಿಜ್ಜಿನ ಸ್ಟೆಬಿಲೈಜರ್ ಮುಳ್ಳು 180ಕ್ಕೆ ಇಳಿದಿತ್ತು. ಗದ್ದೆಯ ಮೋಟರುಗಳು ಶುರುವಾದರೆ ನಮ್ಮ ಕಡೆ ಇದು ಮಾಮೂಲು.

ಕಾರಣ ಸರಳ. ಇಂಥ ಅಗ್ಗದ ಬಲ್ಬಿನಲ್ಲಿ ನಾಲ್ಕೂ ಕಡ್ಡಿಗಳನ್ನು ಸಾಲಾಗಿ ಜೋಡಿಸಿದ್ದರೆ ಉರಿಯಲು ಸುಮಾರು 280 ವೋಲ್ಟ್ ಬೇಕು. 230 ವೋಲ್ಟಿನ ಎಸಿ ಕರೆಂಟು ಅಲೆಯ ತುದಿಯಲ್ಲಿ 325 ಮುಟ್ಟುತ್ತದೆ, ಹಾಗಾಗಿ ಸಾಕು. 180ಕ್ಕೆ ಇಳಿದರೆ ತುದಿಯೇ 254! ಕ್ಯಾಪಿನೊಳಗಿನ ಪುಟ್ಟ ಸರ್ಕ್ಯೂಟಿಗೆ ಕರೆಂಟನ್ನು ತಡೆಯುವುದು ಗೊತ್ತು, ವೋಲ್ಟೇಜ್ ಏರಿಸುವುದು ಗೊತ್ತಿಲ್ಲ. ಒಳ್ಳೆಯ ಡ್ರೈವರ್ ಇರುವ ಬಲ್ಬು ಇದನ್ನು ನಿಭಾಯಿಸುತ್ತದೆ. ಹಳೆಯ ಟಂಗ್‌ಸ್ಟನ್ ಬಲ್ಬೂ ಅರ್ಧದಷ್ಟಾದರೂ ಕೆಂಪಗೆ ಉರಿಯುತ್ತಿತ್ತು. ಬೆಂಗಳೂರಿನ ಹೋಟೆಲಿನಲ್ಲಿ ಚೆಂದ ಕಾಣುವುದು ಊರಿನ ಲೈನಿಗೆ ಹೊಂದಬೇಕಲ್ಲ. ಎಂಜಿನಿಯರಿಂಗ್ ಓದಿದವನು ಪೊಟ್ಟಣದ ಮೇಲಿನ ವೋಲ್ಟೇಜ್ ಓದಲಿಲ್ಲ, ನೋಡಿ...

ಆದರೂ ಒಂದು ಲೆಕ್ಕ ನನ್ನನ್ನು ಬಿಡುತ್ತಿಲ್ಲ. ಭಾಗ್ಯಜ್ಯೋತಿಗೆ ಬಹುಕಾಲ ತಿಂಗಳಿಗೆ 18 ಯೂನಿಟ್ ಮಿತಿ ಇತ್ತು (ಮುಂದೆ 40 ಆಯಿತು). 40 ವ್ಯಾಟಿನ ಒಂದೇ ಬಲ್ಬು ದಿನಕ್ಕೆ 15 ತಾಸು ಉರಿದರೆ ಅದು ಮುಗಿಯುತ್ತದೆ. 4 ವ್ಯಾಟಿನ ಆರು ಬಲ್ಬು ತಿಂಗಳಿಡೀ ಹಗಲೂ ರಾತ್ರಿ ಉರಿದರೂ 17.28 ಯೂನಿಟ್. ಅಂದರೆ ಸರ್ಕಾರ ಕೊಟ್ಟ ಪಾಲು ಆರು ಕೋಣೆಗೆ ಸಾಲುತ್ತಿತ್ತು. ಒಂದು ಕಿಂಡಿಗೆ ಇಳಿಸಿದ್ದು ಆ ಕಾದ ತಂತಿ. 2015ರ ಡಿಸೆಂಬರಿನಲ್ಲಿ 'ಹೊಸ ಬೆಳಕು' ಯೋಜನೆಯಲ್ಲಿ ನೂರು ರೂಪಾಯಿಗೆ ಸಿಕ್ಕ 9 ವ್ಯಾಟಿನ ಎಲ್‌ಇಡಿ ನಮ್ಮ ಮನೆಗೆ ಬಂದ ಮೇಲೆ ಕಿಂಡಿಯ ಕೆಲಸ ಮುಗಿಯಿತು.

ಈಗ ಪ್ಲಾಸ್ಟಿಕ್ ಬಲ್ಬು ಅಡುಗೆಮನೆಗೆ ಬಂದಿದೆ. ನನ್ನ ಗಾಜಿನ ಬಲ್ಬು ಲಿಂಗಸುಗೂರಿನ ಅತ್ತೆಯ ಮನೆಗೆ ಹೋಯಿತು. ಅಲ್ಲಿ ವೋಲ್ಟೇಜ್ ಚೆನ್ನಾಗಿದೆ, ಇನ್ನೂ ಉರಿಯುತ್ತಿದೆ. ಗೋಡೆಯ ಕಿಂಡಿಗೆ ಸಿಮೆಂಟ್ ಹಾಕಿಸೋಣವೇ ಅಂತ ಅಜ್ಜಿಯನ್ನು ಕೇಳಿದೆ.

"ಬ್ಯಾಡ ಬಿಡು ತಮ್ಮಾ. ನಿಮ್ಮಪ್ಪ ಓದೋದು ನಾ ಅದರಾಗಿಂದನಾ ನೋಡ್ತಿದ್ದೆ" ಅಂದರು.