ಬೇಟೆಯ ಮಾಂಸವೂ ಹುಳಿಹಣ್ಣಿನ ರಸವೂ

ಶತಮಾನೋತ್ಸವದ ಸಂಚಿಕೆಯಲ್ಲಿ ಅಡುಗೆಯ ಚರಿತ್ರೆಗೆ ಎಡೆಯುಂಟೇ ಎಂದು ಕೆಲವರು ಕೇಳಬಹುದು. ಪವಿತ್ರ ಗ್ರಂಥವೇ ಅದಕ್ಕೆ ಎಡೆ ಕೊಟ್ಟಿದೆ. ಮುಪ್ಪಿನ ಇಸಾಕನು ಹಿರಿಯ ಮಗ ಏಸಾವನನ್ನು ಆಶೀರ್ವದಿಸುವ ಮುನ್ನ ಬೇಟೆಯ ಮಾಂಸದ ರುಚಿಯಾದ ಅಡುಗೆಯನ್ನು ಬಯಸಿದನು. ರೆಬೆಕ್ಕಳಾದರೋ ಮನೆಯ ಮೇಕೆಮರಿಗಳ ಮಾಂಸವನ್ನೇ ಆತನ ನಾಲಗೆಗೆ ಒಪ್ಪುವಂತೆ ಬೇಯಿಸಿ ಯಕೋಬನ ಕೈಯಲ್ಲಿ ಕಳುಹಿಸಿದಳು (ಆದಿಕಾಂಡ 27).

ಬೇಟೆಯ ಅಡುಗೆಗೆ ನಮ್ಮ ನಾಡಿನಲ್ಲಿಯೂ ದೀರ್ಘ ಇತಿಹಾಸವಿದೆ. ನೀಲಗುಂದದ ಭೀಮೇಶ್ವರ ದೇವಾಲಯವು ಕಲ್ಯಾಣದ ಚಾಲುಕ್ಯರ ಕಾಲದ್ದು. ಆ ವಂಶದ 6ನೆಯ ವಿಕ್ರಮಾದಿತ್ಯನ ತಾಮ್ರಶಾಸನವೂ ಈ ಊರಿನಲ್ಲಿ ದೊರೆತಿದೆ. ಆತನ ಮಗ 3ನೆಯ ಸೋಮೇಶ್ವರನು 1129ರ ಸುಮಾರಿಗೆ 'ಮಾನಸೋಲ್ಲಾಸ' ಎಂಬ ಸಂಸ್ಕೃತ ಗ್ರಂಥವನ್ನು ರಚಿಸಿದನು. ಅದರಲ್ಲಿ ಬೇಟೆಯ ವಿನೋದಕ್ಕೆ ಒಂದು ಪ್ರಕರಣ, ಅರಸನ ಊಟಕ್ಕೆ 'ಅನ್ನಭೋಗ'ವೆಂಬ ಇನ್ನೊಂದು ಪ್ರಕರಣ ಇವೆ. ಮಾಂಸವನ್ನು ಕೆಂಡದ ಮೇಲೆ ಸುಡುವ ಕ್ರಮ, ಇಂಗು, ಕಾಳುಮೆಣಸು, ಸೈಂಧವಲವಣಗಳೊಡನೆ ಹುಳಿಹಣ್ಣಿನ ರಸವನ್ನು ಸೇರಿಸುವ ಬಗೆ ಅಲ್ಲಿ ವರ್ಣಿತವಾಗಿವೆ. ಮೆಣಸಿನಕಾಯಿ ಆಗಿನ್ನೂ ನಮ್ಮಲ್ಲಿಗೆ ಬಂದಿರಲಿಲ್ಲ. ಅದನ್ನು 16ನೆಯ ಶತಮಾನದಲ್ಲಿ ತಂದವರು ಪೋರ್ಚುಗೀಸರು.

ಹುಳಿಯೇಕೆ? ಓಡಾಡಿ ಬೆಳೆದ ಕಾಡುಪ್ರಾಣಿಯ ಮಾಂಸದಲ್ಲಿ ಕೊಬ್ಬು ಕಡಿಮೆ, ಎಳೆ ಬಿಗಿ, ವಾಸನೆ ತೀವ್ರ. ಹುಳಿಯು ಆ ವಾಸನೆಯನ್ನು ತಗ್ಗಿಸಿ ರುಚಿಯನ್ನು ಎತ್ತುತ್ತದೆ. ಕೊಡಗಿನವರು ಹಂದಿಮಾಂಸಕ್ಕೆ ಬಳಸುವ ಕಾಚಂಪುಳಿಯು ಒಂದು ಬಗೆಯ ಹುಳಿಹಣ್ಣಿನ ರಸವನ್ನು ಕಪ್ಪಾಗುವವರೆಗೆ ಕುದಿಸಿ ಇಳಿಸಿದ್ದು. ಕರಾವಳಿಯ ನಮ್ಮ ಕ್ರೈಸ್ತ ಮನೆಗಳಲ್ಲಿ ಹುಣಿಸೆ ಅಥವಾ ವಿನೆಗರ್ ಅದೇ ಕೆಲಸ ಮಾಡುತ್ತದೆ. ಬಯಲುಸೀಮೆಯ ನಮಗೆ ಹೊಲದ ಬದುವಿನ ಹುಣಿಸೆಮರವೇ ಸಾಕು.

ಇಂದು ಬೇಟೆಯಿಲ್ಲ, ಇರಲೂಬಾರದು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯು ಅದನ್ನು ನಿಷೇಧಿಸಿದೆ. ಅರಸರಿಗೆ ವಿನೋದವಾಗಿದ್ದ ಬೇಟೆ ಬಡವರಿಗೆ ಅನ್ನವಾಗಿತ್ತೆಂಬುದು ದಿಟ. ಆದರೂ ಹುಲ್ಲುಗಾವಲಿನ ಕೃಷ್ಣಮೃಗವು ನಮ್ಮ ಮಕ್ಕಳ ಕಣ್ಣಿಗೂ ಬೀಳಬೇಕಾದರೆ ನಾವು ಕೈ ತಡೆಯಲೇಬೇಕು. ತಪಸ್ಸುಕಾಲದ ಶುಕ್ರವಾರಗಳಲ್ಲಿ ಮಾಂಸವನ್ನು ತ್ಯಜಿಸುವ ಧರ್ಮಸಭೆಯ ಮಕ್ಕಳಿಗೆ ಈ ಸಂಯಮವು ಹೊಸದಲ್ಲ.

ಹಾಗೆಂದು ಆ ರುಚಿ ನಶಿಸಬೇಕಾಗಿಲ್ಲ. ಎಳೆಯ ಮೇಕೆಯ ತೊಡೆಯ ಮಾಂಸವನ್ನು ಎಳೆಗೆ ಅಡ್ಡಲಾಗಿ ಬೆರಳುದಪ್ಪ ಕೊಯ್ದು, ಉಪ್ಪು, ಮೆಣಸಿನ ಪುಡಿ, ತುಸು ಎಣ್ಣೆ ಸವರಿ, ಕಾದ ಹೆಂಚಿನ ಮೇಲೆ ಎರಡೂ ಬದಿ ಬೇಯಿಸಬೇಕು. ಕೊಬ್ಬಿಲ್ಲದ ಮಾಂಸವನ್ನು ಹೆಂಚಿನ ಮೇಲೆ ಹೆಚ್ಚು ಹೊತ್ತು ಬಿಟ್ಟರೆ ಒಣಗಿ ತೊಗಲಾಗುವುದು. ಹುಣಿಸೆರಸ, ಬೆಲ್ಲ, ಶುಂಠಿಗಳನ್ನು ಬೇರೆಯಾಗಿ ಮಣ್ಣಿನ ಮಡಕೆಯಲ್ಲಿ ಗಟ್ಟಿಯಾಗುವಂತೆ ಕುದಿಸಿ ಮೇಲೆ ಸುರಿಯಬೇಕು. ಕಲಾಯಿಯಿಲ್ಲದ ತಾಮ್ರದ ಪಾತ್ರೆಗೆ ಹುಳಿ ಸಲ್ಲದು.

ರೆಬೆಕ್ಕಳ ವಂಚನೆ ನಮಗೆ ಬೇಡ. ಆಕೆಯ ಕೈಗುಣ ಬೇಕು. ಕಾಡನ್ನು ಕಾಡಿಗೇ ಬಿಟ್ಟು, ಮನೆಯಲ್ಲಿರುವುದನ್ನು ಹಂಚಿ ಉಣ್ಣುವ ಮೇಜಿಗೆ ದೇವರ ಆಶೀರ್ವಾದ ತಪ್ಪದು.