ಹೇಳಿಕೆ ಲೆಕ್ಕದ ಹಾದಿ: ಬಿಡಿಸುವುದಕ್ಕೆ ಮೊದಲಿನ ಅರ್ಧ

ಈಚೆಗೆ ಗಣಿತದ ಸಭೆಗಳಲ್ಲಿ ಒಂದು ಮಾತು ಮತ್ತೆ ಮತ್ತೆ ಕಿವಿಗೆ ಬೀಳುತ್ತಿದೆ: ಏಕಕಾಲಿಕ ಸಮೀಕರಣಗಳ ಕ್ರಾಮರ್ ನಿಯಮ ನಮ್ಮ ಮಹಾವೀರಾಚಾರ್ಯನಿಗೆ ಒಂಬೈನೂರು ವರ್ಷ ಮೊದಲೇ ಗೊತ್ತಿತ್ತಂತೆ. ಹೊಗಳುವ ಭರದಲ್ಲಿ ಆತ ನಿಜವಾಗಿ ಮಾಡಿದ್ದೇನು ಎಂಬುದೇ ಮರೆಯಾಗುತ್ತಿದೆ.

ಬಿಡಿಸುವ ವಿಧಾನದ ಚರಿತ್ರೆ ಎಲ್ಲ ಪುಸ್ತಕಗಳಲ್ಲೂ ಸಿಗುತ್ತದೆ. ಚೀನಾದ ‘ಒಂಬತ್ತು ಅಧ್ಯಾಯಗಳು’ ಗ್ರಂಥದಲ್ಲಿ ಮೂರು ದರ್ಜೆಯ ಧಾನ್ಯದ ಲೆಕ್ಕವನ್ನು ಕಡ್ಡಿಗಳನ್ನು ಜೋಡಿಸಿ, ಒಂದೊಂದೇ ಅಜ್ಞಾತವನ್ನು ಕಳೆಯುತ್ತ ಬಿಡಿಸುತ್ತಾರೆ. 1750ರಲ್ಲಿ ಕ್ರಾಮರ್ ತನ್ನ ಸಾಮಾನ್ಯ ನಿಯಮ ಪ್ರಕಟಿಸಿದ. 1810ರಲ್ಲಿ ಗೌಸ್ ಪಲ್ಲಾಸ್ ಕ್ಷುದ್ರಗ್ರಹದ ಕಕ್ಷೆಗಾಗಿ ಆರು ಅಜ್ಞಾತಗಳನ್ನು ಬಿಡಿಸಿದ. ಈ ದಾರಿ ನೇರವಾಗಿದೆ, ಚೆನ್ನಾಗಿ ಅಧ್ಯಯನವೂ ಆಗಿದೆ.

ಮಾತು ಸಮೀಕರಣವಾಗುವ ಇನ್ನೊಂದು ಅರ್ಧದ ಚರಿತ್ರೆಯನ್ನು ಬರೆದವರು ಕಡಿಮೆ. ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಸುಮಾರು 850ರಲ್ಲಿ ಮಹಾವೀರ ರಚಿಸಿದ ‘ಗಣಿತಸಾರಸಂಗ್ರಹ’ದ ಒಂದು ಲೆಕ್ಕ ನೋಡಿ: 9 ಮಾದಲದ ಹಣ್ಣು ಮತ್ತು 7 ಬೇಲದ ಹಣ್ಣಿಗೆ ಒಟ್ಟು ಬೆಲೆ 107, 7 ಮಾದಲ ಮತ್ತು 9 ಬೇಲಕ್ಕೆ 101. ಒಂದೊಂದರ ಬೆಲೆ ಎಷ್ಟು? ಮಹಾವೀರನ ಸೂತ್ರದಂತೆ 107ನ್ನು 9ರಿಂದ, 101ನ್ನು 7ರಿಂದ ಗುಣಿಸಿ, ಮೊದಲನೆಯದರಿಂದ ಎರಡನೆಯದನ್ನು ಕಳೆದು, 9 ಮತ್ತು 7ರ ವರ್ಗಗಳ ವ್ಯತ್ಯಾಸವಾದ 32ರಿಂದ ಭಾಗಿಸಬೇಕು. ಮಾದಲಕ್ಕೆ 8, ಬೇಲಕ್ಕೆ 5. ಸಂಖ್ಯೆಗಳು ಹೀಗೆ ಅದಲುಬದಲಾದಾಗ ಮಾತ್ರ ಈ ಸೂತ್ರ ನಡೆಯುತ್ತದೆ. ಹಾಗಾಗಿ ಇದು ಕ್ರಾಮರ್ ನಿಯಮವಲ್ಲ. ಲೆಕ್ಕದ ಆಕಾರವನ್ನು ಕಣ್ಣಲ್ಲೇ ಹಿಡಿಯುವ ಜಾಣ್ಮೆ ಇದು. ನನ್ನ ಮಟ್ಟಿಗೆ ಅದು ಹೆಚ್ಚಿನ ಸಂಗತಿ.

ಹನ್ನೆರಡನೆಯ ಶತಮಾನದ ರಾಜಾದಿತ್ಯ ಇಂಥ ವ್ಯವಹಾರದ ಲೆಕ್ಕಗಳನ್ನು ಕನ್ನಡಕ್ಕೇ ತಂದ. ಅವನ ‘ವ್ಯವಹಾರಗಣಿತ’ ಅಚ್ಚಾಗಿದೆ. ನಮ್ಮ ಬಿ.ಇಡಿ. ತರಗತಿಗಳಲ್ಲಿ ಅದನ್ನು ತೆರೆದವರನ್ನು ನಾನು ಕಂಡಿಲ್ಲ.

ನಾವು ಪಾಠ ಶುರುಮಾಡಿದ ಕಾಲಕ್ಕೆ ‘ಎಕ್ಸ್ ಆಗಿರಲಿ’ ಎಂದೇ ಹೇಳಿಕೆ ಲೆಕ್ಕ ಆರಂಭವಾಗುತ್ತಿತ್ತು. ನಮ್ಮಲ್ಲಿ ಕೆಲವರು ಅದನ್ನು ತಿರುಗಿಸಿದೆವು: ಮೊದಲು ಬಾಯಿಲೆಕ್ಕ, ಆಮೇಲೆ ಅಕ್ಷರ. ಮೇಲಿನ ಹಣ್ಣಿನ ಲೆಕ್ಕವನ್ನೇ ಕೊಟ್ಟರೆ ಮಕ್ಕಳು ಎರಡೂ ಸಾಲನ್ನು ಕೂಡಿಸುತ್ತಾರೆ: 16 ಮಾದಲ, 16 ಬೇಲ, 208. ಅಂದರೆ ಒಂದೊಂದು ಹಣ್ಣಿನ ಜೋಡಿಗೆ 13. ಕಳೆದರೆ ಎರಡು ಬೇಲಕ್ಕಿಂತ ಎರಡು ಮಾದಲಕ್ಕೆ 6 ಹೆಚ್ಚು, ಒಂದಕ್ಕೆ 3. ಉತ್ತರ ಬಂದ ಮೇಲೆ ಎಕ್ಸ್, ವೈ ಬರೆಯಿರಿ ಎಂದರೆ ಆ ಅಕ್ಷರ ಹಣ್ಣಲ್ಲ, ಹಣ್ಣಿನ ಬೆಲೆ ಎಂಬುದು ಅವರಿಗೆ ತಾನಾಗಿ ತಿಳಿಯುತ್ತದೆ.

ಎಡವುವುದು ಅಲ್ಲೇ. 1980ರ ಸುಮಾರಿಗೆ ಅಮೆರಿಕದ ಜಾನ್ ಕ್ಲೆಮೆಂಟ್ ಮತ್ತು ಸಂಗಡಿಗರು ‘ವಿದ್ಯಾರ್ಥಿಗಳು ಪ್ರಾಧ್ಯಾಪಕರ ಆರರಷ್ಟಿದ್ದಾರೆ’ ಎಂಬ ಒಂದೇ ವಾಕ್ಯಕ್ಕೆ ಸಮೀಕರಣ ಬರೆಸಿದರು. ಎಂಜಿನಿಯರಿಂಗ್ ಮೊದಲ ವರ್ಷದವರಲ್ಲಿ ಶೇಕಡ 37 ಮಂದಿ ತಪ್ಪಿದರು. ಹೆಚ್ಚಿನವರು ಆರನ್ನು ವಿದ್ಯಾರ್ಥಿಗಳ ಕಡೆಗೇ ಗುಣಿಸಿದ್ದರು. ‘ಹೆಚ್ಚು ಎಂದರೆ ಕೂಡು, ಪಟ್ಟು ಎಂದರೆ ಗುಣಿಸು’ ಎಂದು ಹೇಳಿಕೊಡುವ ನಮ್ಮ ಗೈಡುಗಳು ಇದೇ ತಪ್ಪನ್ನು ಬೆಳೆಸುತ್ತವೆ.

2022ರಲ್ಲಿ ಎನ್‌ಸಿಇಆರ್‌ಟಿ ಹತ್ತನೆಯ ತರಗತಿಯ ಪಠ್ಯ ಇಳಿಸಿದಾಗ ಅಡ್ಡ ಗುಣಾಕಾರ ವಿಧಾನ ಹೋಯಿತು. ಹೋಗಲಿ, ಅದು ಬರೀ ಯಾಂತ್ರಿಕ. ಆದರೆ ರೇಖಾತ್ಮಕ ರೂಪಕ್ಕೆ ಇಳಿಸುವ ಸಮೀಕರಣಗಳ ಭಾಗವೂ ಹೋಯಿತು. ಪ್ರವಾಹದ ಜೊತೆಗೂ ಎದುರಿಗೂ ದೋಣಿ ಸಾಗುವ ಲೆಕ್ಕ ಇದ್ದದ್ದು ಆ ಭಾಗದಲ್ಲಿ. ವೇಗ, ಕಾಲ, ದೂರ ಮೂರನ್ನೂ ಒಟ್ಟಿಗೆ ಯೋಚಿಸಬೇಕಾದ ಲೆಕ್ಕ ಅದು. ಸಮೀಕರಣದ ಫೋಟೋ ತೆಗೆದರೆ ಮೊಬೈಲೇ ಬಿಡಿಸಿಕೊಡುವ ಈ ದಿನಗಳಲ್ಲಿ ಉಳಿಸಬೇಕಾಗಿದ್ದದ್ದು ಅದನ್ನೇ.

ಕ್ಲೆಮೆಂಟರ ವಾಕ್ಯ ಇಂಗ್ಲಿಷಿನದು. ಕನ್ನಡ ವಾಕ್ಯದಲ್ಲಿ ಪದಗಳ ಕ್ರಮವೇ ಬೇರೆ; ನಮ್ಮ ಮಕ್ಕಳು ಎಡವುವ ಜಾಗಗಳೂ ಬೇರೆ ಇರಬೇಕು. ಅದನ್ನು ಪತ್ತೆಹಚ್ಚಲು ದೊಡ್ಡ ಯೋಜನೆ ಬೇಡ. ಹೈಸ್ಕೂಲಿನ ಗಣಿತ ಮೇಷ್ಟ್ರುಗಳು ಮಕ್ಕಳು ಬರೆದ ತಪ್ಪು ಸಮೀಕರಣಗಳನ್ನು ಕೆಂಪು ಗೀಟು ಹಾಕಿ ಬಿಡದೆ, ಮೂಲ ಕನ್ನಡ ವಾಕ್ಯದ ಜೊತೆ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಲಿ. ಈ ವರ್ಷದಿಂದಲೇ ಶುರುಮಾಡಿ ಎಂದು ಅವರಲ್ಲಿ ನನ್ನ ಕೋರಿಕೆ.